ನಲವತ್ತು ಡಿಗ್ರಿಯ ಊರಿಗೆ ಒಪ್ಪುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಒಂದರ ಶಕ್ತಿಯನ್ನು ಅದರೊಳಗಿನ ಚಿಪ್‌ನ ಹೆಸರಿನಿಂದ ಅಳೆಯುವುದು ಮಾರುವವರಿಗೂ ಕೊಳ್ಳುವವರಿಗೂ ರೂಢಿಯಾಗಿದೆ. ಪತ್ರ ಬರೆಯುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ ಈ ರೂಢಿಯಿಂದ ಹಾನಿಯೇನೂ ಇಲ್ಲ. ವಿಡಿಯೊ ಸಂಕಲನ, ಮೂರು ಆಯಾಮದ ಚಿತ್ರಣ, ಯಂತ್ರಭಾಗಗಳ ವಿನ್ಯಾಸ, ಭಾರಿ ಗೇಮ್‌ಗಳು ಇವುಗಳ ಮಾತು ಬೇರೆ. ಇಲ್ಲಿ ಯಂತ್ರವು ಗಂಟೆಗಟ್ಟಲೆ ಪೂರ್ಣ ಹೊರೆ ಹೊತ್ತು ದುಡಿಯಬೇಕಾಗುವುದರಿಂದ, ಚಿಪ್ ಎಷ್ಟು ವೇಗವಾಗಿ ಓಡಬಲ್ಲದು ಎಂಬುದಕ್ಕಿಂತ, ಓಡುವಾಗ ಹುಟ್ಟುವ ಶಾಖವನ್ನು ಅದರ ಸುತ್ತಲಿನ ಕವಚ ಎಷ್ಟರಮಟ್ಟಿಗೆ ಹೊರಹಾಕಬಲ್ಲದು ಎಂಬುದೇ ನಿಜವಾದ ವೇಗವನ್ನು ನಿರ್ಧರಿಸುತ್ತದೆ. ಬಹುತೇಕ ತಯಾರಕರು ತಮ್ಮ ಯಂತ್ರಗಳು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆ ತಕ್ಕವೆಂದು ಕೈಪಿಡಿಯ ಸಣ್ಣಕ್ಷರಗಳಲ್ಲಿ ಹೇಳಿರುತ್ತಾರೆ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಅಪರೂಪವಲ್ಲ, ನಾಸಿಕವೂ ಬೇಸಿಗೆಯ ಕಡುಬಿಸಿಲಿನಲ್ಲಿ ಅದರ ಹತ್ತಿರಕ್ಕೆ ಹೋಗುತ್ತದೆ. ಈ ಎರಡು ನಗರಗಳಲ್ಲಿ ಲ್ಯಾಪ್‌ಟಾಪ್ ಕೊಳ್ಳುವವರು ಕೈಪಿಡಿಯ ಆ ಸಾಲನ್ನು ಮೊದಲು ಓದಿ, ಉಳಿದ ಗುಣವಿವರಗಳನ್ನು ಆಮೇಲೆ ಓದುವುದು ವಿವೇಕ.

ಇಂತಹ ಯಂತ್ರ ಈ ಊರುಗಳಲ್ಲಿ ಯಾರಿಗೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಾಕಷ್ಟು ದೊಡ್ಡದಿದೆ. ನಾಸಿಕದ ಬಳಿಯ ಓಝರ್‌ನಲ್ಲಿ 1960ರ ದಶಕದಲ್ಲಿ ಮಿಗ್ ವಿಮಾನಗಳಿಗಾಗಿ ಆರಂಭವಾದ ಎಚ್‌ಎಎಲ್ ಘಟಕದಲ್ಲಿ 2025ರ ಅಕ್ಟೋಬರ್‌ನಲ್ಲಿ ತೇಜಸ್ ಮಾರ್ಕ್ 1ಎ ಯುದ್ಧವಿಮಾನದ ಜೋಡಣಾ ಸಾಲು ಉದ್ಘಾಟನೆಗೊಂಡಿತು. ಬೆಂಗಳೂರಿನ ವಿನ್ಯಾಸಕ್ಕೂ ನಾಸಿಕದ ಕಾರ್ಖಾನೆಗೂ ನಡುವಿನ ನಂಟು ಕನ್ನಡಿಗರಿಗೆ ಹೊಸತೇನಲ್ಲ. ಸಾತ್ಪುರ, ಅಂಬಡ್ ಕೈಗಾರಿಕಾ ಪ್ರದೇಶಗಳಲ್ಲಿ, ಸಂಭಾಜಿನಗರದ ವಾಳೂಜ್ ಮತ್ತು ಶೇಂದ್ರಾಗಳಲ್ಲಿ, ಬಜಾಜ್, ಸ್ಕೋಡಾಗಳಂತಹ ದೊಡ್ಡ ಕಾರ್ಖಾನೆಗಳ ಆಸುಪಾಸಿನಲ್ಲಿ ಬಿಡಿಭಾಗ ಮಾಡುವ ಸಣ್ಣ ಘಟಕಗಳು ತುಂಬಿವೆ. ಅಲ್ಲಿನ ವಿನ್ಯಾಸಕಾರರು ಅಚ್ಚು, ಡೈಗಳ ನಕ್ಷೆಯನ್ನು ಕಂಪ್ಯೂಟರಿನಲ್ಲೇ ಬಿಡಿಸುತ್ತಾರೆ. ನಾಸಿಕ ಜಿಲ್ಲೆಯ ಯೇವಲಾ ಮತ್ತು ಸಂಭಾಜಿನಗರ ಜಿಲ್ಲೆಯ ಪೈಠಣ ಪೈಠಣಿ ಸೀರೆಗಳ ತವರು; ಆ ಸೀರೆಗಳ ಚಿತ್ರಗಳನ್ನು ಸಿದ್ಧಪಡಿಸಿ ಗಿರಾಕಿಗಳಿಗೆ ತೋರಿಸುವವರಿಗೂ ಒಳ್ಳೆಯ ಯಂತ್ರ ಬೇಕು. ಇವಲ್ಲದೆ ಮದುವೆ ವಿಡಿಯೊ ಮಾಡುವವರು, 2027ರ ಸಿಂಹಸ್ಥ ಕುಂಭಮೇಳದ ಚಿತ್ರೀಕರಣಕ್ಕೆ ಸಿದ್ಧರಾಗುತ್ತಿರುವ ಸಂಕಲನಕಾರರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು, ಹಗಲು ನಕ್ಷೆ ಬರೆದು ರಾತ್ರಿ ಗೇಮ್ ಆಡುವ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಎಲ್ಲರೂ ಇದ್ದಾರೆ.

ಶಾಖದ ಲೆಕ್ಕ ಸರಳವಾದದ್ದು. ಪ್ರೊಸೆಸರ್, ಅಂದರೆ ಎಲ್ಲ ಗಣನೆಗಳನ್ನು ನಡೆಸುವ ಮುಖ್ಯ ಚಿಪ್, ಸಾಮಾನ್ಯವಾಗಿ 100 ಡಿಗ್ರಿ ಸಮೀಪಿಸಿದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದನ್ನೇ ಥ್ರಾಟ್ಲಿಂಗ್ ಎನ್ನುತ್ತಾರೆ. ಚಿಪ್‌ನ ಶಾಖವನ್ನು ತಾಮ್ರದ ಕೊಳವೆಗಳು ಅಂಚಿನ ತೆಳುವಾದ ಲೋಹಪಟ್ಟಿಗಳಿಗೆ ಒಯ್ಯುತ್ತವೆ, ಫ್ಯಾನ್ ಆ ಪಟ್ಟಿಗಳ ನಡುವೆ ಕೋಣೆಯ ಗಾಳಿಯನ್ನು ಹಾಯಿಸುತ್ತದೆ. ಹೀಗಾಗಿ ಹೊರಹೋಗುವ ಶಾಖದ ಪ್ರಮಾಣವು ಚಿಪ್‌ಗೂ ಕೋಣೆಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿರುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ 25 ಡಿಗ್ರಿಯಲ್ಲಿ ಪರೀಕ್ಷೆಗೊಳಗಾದ ಯಂತ್ರವೊಂದರ ಚಿಪ್ 95 ಡಿಗ್ರಿಗೆ ನಿಂತಿತೆಂದರೆ ಅಂತರ 70 ಡಿಗ್ರಿ. ಅದೇ ಯಂತ್ರ 40 ಡಿಗ್ರಿಯ ಕೋಣೆಯಲ್ಲಿ 100ರ ಮಿತಿಗೆ ಬಂದು ಮುಟ್ಟಿದರೂ ಅಂತರ 60ನ್ನು ಮೀರದು. ಅಂದರೆ ಹೊರಹಾಕಬಲ್ಲ ಶಾಖ ಏಳರಲ್ಲಿ ಒಂದು ಪಾಲು ಕಡಿಮೆ, ಬಳಸಬಲ್ಲ ವಿದ್ಯುತ್ತೂ ಅಷ್ಟೇ ಕಡಿಮೆ. ವೇಗ ಅದೇ ಪ್ರಮಾಣದಲ್ಲಿ ಕುಸಿಯುವುದಿಲ್ಲ, ಏಕೆಂದರೆ ಚಿಪ್‌ನ ಕಟ್ಟಕಡೆಯ ವೇಗಕ್ಕೆ ಅತಿ ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಆದರೆ 25 ಡಿಗ್ರಿಯಲ್ಲೇ 100ಕ್ಕೆ ತಲೆ ತಾಗಿಸಿ ನಿಂತ ತೆಳು ಯಂತ್ರವೊಂದು ಸಂಭಾಜಿನಗರದ ಮೇ ತಿಂಗಳಿನಲ್ಲಿ ಏನಾಗಬಹುದೆಂದು ಊಹಿಸಲು ಕಷ್ಟವಿಲ್ಲ. ಆದ್ದರಿಂದ ವಿಮರ್ಶೆಗಳನ್ನು ಓದುವಾಗ ಅಂಕಗಳಿಗಿಂತ ಮೊದಲು ನೋಡಬೇಕಾದದ್ದು ಪರೀಕ್ಷಾ ಕೋಣೆಯ ಉಷ್ಣಾಂಶ ಎಷ್ಟಿತ್ತು ಎಂಬುದನ್ನು ಮತ್ತು ಅರ್ಧ ಗಂಟೆಯ ಹೊರೆಯ ನಂತರ ವೇಗ ಎಲ್ಲಿಗೆ ಇಳಿದು ನಿಂತಿತು ಎಂಬುದನ್ನು.

ಇದೇ ಕಾರಣದಿಂದ ಗ್ರಾಫಿಕ್ಸ್ ಚಿಪ್‌ನ ವಿಷಯದಲ್ಲಿ ಹೆಸರು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಪರದೆಯ ಮೇಲಿನ ಚಿತ್ರಗಳನ್ನು ಕಟ್ಟುವ, ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಈ ಚಿಪ್‌ಗೆ ಎಷ್ಟು ವಿದ್ಯುತ್ ಉಣಿಸಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರೇ ತಮ್ಮ ಕವಚದ ತಂಪುಗೊಳಿಸುವ ಸಾಮರ್ಥ್ಯ ನೋಡಿ ತೀರ್ಮಾನಿಸುತ್ತಾರೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ ಅನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಯಾವ ಮಟ್ಟಕ್ಕೂ ಹೊಂದಿಸಬಹುದಾಗಿತ್ತು. ತುದಿಯಿಂದ ತುದಿಗೆ ಮೂರು ಪಟ್ಟು ವ್ಯತ್ಯಾಸ, ಹೆಸರು ಮಾತ್ರ ಒಂದೇ. ಈ ಅಂಕಿಯನ್ನು ಟಿಜಿಪಿ ಎಂದು ಕರೆಯುತ್ತಾರೆ. ತಯಾರಕರ ತಾಣದ ವಿವರಪಟ್ಟಿಯಲ್ಲಿ ಅದು ಸಿಗುತ್ತದೆ, ಅಂಗಡಿಯ ಬೆಲೆಚೀಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಡಿಮೆ ವಾಟ್‌ನ ದೊಡ್ಡ ಹೆಸರಿಗಿಂತ ಪೂರ್ಣ ವಾಟ್‌ನ ಒಂದು ಮೆಟ್ಟಿಲು ಕೆಳಗಿನ ಚಿಪ್ ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ, ಬೆಲೆಯಲ್ಲೂ ಅಗ್ಗ.

ಗೇಮಿಂಗ್‌ಗೆಂದು ಮಾರುವ ಲ್ಯಾಪ್‌ಟಾಪ್‌ಗಳು ಸೃಜನಶೀಲ ಕೆಲಸಕ್ಕೂ ಒದಗಿಬರುವುದು ಈ ಹಿನ್ನೆಲೆಯಲ್ಲೇ. ಗೇಮ್ ಎಂಬುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಟ್ಟಿಗೆ, ಗಂಟೆಗಟ್ಟಲೆ ದುಡಿಸುವ ಹೊರೆ. ಅದನ್ನು ತಾಳುವಂತೆ ಕಟ್ಟಿದ ದಪ್ಪ ಕವಚ, ಎರಡು ಫ್ಯಾನ್, ಅಗಲವಾದ ಗಾಳಿಕಿಂಡಿಗಳು ಬ್ಲೆಂಡರ್‌ನಲ್ಲಿ ದೃಶ್ಯವೊಂದನ್ನು ರೆಂಡರ್ ಮಾಡುವಾಗಲೂ, ಅಂದರೆ ಮಾದರಿಯಿಂದ ಅಂತಿಮ ಚಿತ್ರವನ್ನು ತೆಗೆಯುವಾಗಲೂ, ಅಷ್ಟೇ ಉಪಯುಕ್ತ. ಲೆನೊವೊದ ಲೀಜನ್, ಏಸುಸ್‌ನ ಆರ್‌ಒಜಿ, ಎಚ್‌ಪಿಯ ಓಮೆನ್, ಏಸರ್‌ನ ಪ್ರಿಡೇಟರ್ ಈ ವರ್ಗದ ಮೇಲ್ಮಟ್ಟದವು. ಎಲ್‌ಒಕ್ಯು, ಟಫ್, ವಿಕ್ಟಸ್, ನೈಟ್ರೊ ಅವುಗಳ ಅಗ್ಗದ ತಮ್ಮಂದಿರು. ಮೇಲಿನ ಮತ್ತು ಕೆಳಗಿನ ಸಾಲುಗಳ ನಡುವಿನ ಬೆಲೆಯ ಅಂತರ ಬಹುಪಾಲು ಚಿಪ್‌ಗಾಗಿ ಅಲ್ಲ, ತಂಪುಗೊಳಿಸುವ ವ್ಯವಸ್ಥೆ, ಪರದೆ ಮತ್ತು ಕೀಲುಗಳಿಗಾಗಿ ಎಂಬುದನ್ನು ಅರಿತರೆ, ಬೇಸಿಗೆಯ ಊರಿನವರು ಹೆಚ್ಚುವರಿ ಹಣವನ್ನು ಎಲ್ಲಿ ಹಾಕಬೇಕೆಂಬುದು ತಾನೇ ಹೊಳೆಯುತ್ತದೆ.

ದೂಳು ಶಾಖದ ಒಡನಾಡಿ. ಮರಾಠವಾಡ ಹತ್ತಿ ಬೆಳೆಯುವ ನಾಡು. ಹತ್ತಿಯ ಎಳೆ, ಬಟ್ಟೆಯ ನಾರು, ಕೈಗಾರಿಕಾ ಪ್ರದೇಶದ ಸಣ್ಣ ದೂಳು ಎಲ್ಲವೂ ಫ್ಯಾನ್‌ನೊಂದಿಗೆ ಒಳಬಂದು ಲೋಹಪಟ್ಟಿಗಳ ಬಾಯಿಗೆ ಚಾಪೆಯಂತೆ ಹೆಣೆದುಕೊಂಡಾಗ, ಹೊಸದರಲ್ಲಿ ಚೆನ್ನಾಗಿ ಓಡಿದ ಯಂತ್ರ ಎರಡನೇ ಬೇಸಿಗೆಯಲ್ಲಿ ಏದುಸಿರು ಬಿಡತೊಡಗುತ್ತದೆ. ಅಡಿಹಲಗೆಯನ್ನು ಸಾಮಾನ್ಯ ಸ್ಕ್ರೂಗಳಿಂದಲೇ ಬಿಚ್ಚಬಹುದೇ, ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಕೊಂಡು, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಅಥವಾ ಬೇಸಿಗೆಗೆ ಮುಂಚೆ ಶುಚಿಗೊಳಿಸುವುದು ಒಳಿತು. ಗಾಳಿ ಊದುವಾಗ ಫ್ಯಾನ್‌ನ ರೆಕ್ಕೆ ತಿರುಗದಂತೆ ಹಿಡಿದಿರಬೇಕು. ಚಿಪ್ ಮತ್ತು ತಾಮ್ರದ ನಡುವಿನ ಥರ್ಮಲ್ ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗುತ್ತದೆ, ಅದನ್ನೂ ಬದಲಿಸಬೇಕಾಗುತ್ತದೆ. ಈ ಊರುಗಳ ಮನೆಗಳಲ್ಲಿ ಬೇಸಿಗೆಗೆ ಆಸರೆಯಾಗಿರುವ ನೀರಿನ ಕೂಲರ್ ಕೋಣೆಯ ಉಷ್ಣಾಂಶವನ್ನು ಹಲವು ಡಿಗ್ರಿ ತಗ್ಗಿಸುವುದರಿಂದ ಯಂತ್ರಕ್ಕೂ ಉಪಕಾರಿಯೇ. ಆದರೆ ಅದರ ತೇವದ ಗಾಳಿ ನೇರವಾಗಿ ಲ್ಯಾಪ್‌ಟಾಪಿನ ಮೇಲೆ ಬೀಳದಷ್ಟು ದೂರದಲ್ಲಿ ಮೇಜನ್ನು ಇಡಬೇಕು.

ಪ್ರೊಸೆಸರ್ ಆಯ್ಕೆ ಕೆಲಸದ ಬಗೆಯನ್ನು ಅವಲಂಬಿಸುತ್ತದೆ. ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಎನ್‌ಎಕ್ಸ್‌ಗಳಂತಹ ಯಂತ್ರವಿನ್ಯಾಸದ ತಂತ್ರಾಂಶಗಳಲ್ಲಿ ಮಾದರಿ ಕಟ್ಟುವ ಹಂತವು ಹೆಚ್ಚಾಗಿ ಒಂದರ ಹಿಂದೊಂದು ಹೆಜ್ಜೆಯಾಗಿ ನಡೆಯುವುದರಿಂದ ಚಿಪ್‌ನೊಳಗಿನ ಒಂದೊಂದು ಕೋರ್, ಎಂದರೆ ಸ್ವತಂತ್ರ ಗಣಕ ಘಟಕ, ಎಷ್ಟು ಚುರುಕು ಎಂಬುದು ಮುಖ್ಯ, ಕೋರ್‌ಗಳ ಸಂಖ್ಯೆಯಲ್ಲ. ರೆಂಡರಿಂಗ್ ಮತ್ತು ವಿಡಿಯೊ ಪರಿವರ್ತನೆಯಲ್ಲಿ ಸಂಖ್ಯೆಯೂ ಮುಖ್ಯ. ವಾಳೂಜಿನ ಡೈ ವಿನ್ಯಾಸಕಾರರೊಬ್ಬರಿಗೆ ಇಪ್ಪತ್ತನಾಲ್ಕು ಕೋರ್‌ಗಳ ಚಿಪ್ ಕೊಡಿಸುವುದಕ್ಕಿಂತ ಅದೇ ಹಣದಲ್ಲಿ ಡೆಲ್, ಎಚ್‌ಪಿ ಝಡ್‌ಬುಕ್ ಅಥವಾ ಥಿಂಕ್‌ಪ್ಯಾಡ್ ಪಿ ಸರಣಿಯ ವರ್ಕ್‌ಸ್ಟೇಷನ್ ಕೊಡಿಸುವುದು ಮೇಲು, ಏಕೆಂದರೆ ಅವುಗಳ ಗ್ರಾಫಿಕ್ಸ್ ಚಿಪ್‌ನ ಡ್ರೈವರ್‌ಗಳನ್ನು ಆ ತಂತ್ರಾಂಶಗಳ ಕಂಪನಿಗಳೇ ಪರೀಕ್ಷಿಸಿ ಮಾನ್ಯ ಮಾಡಿರುತ್ತವೆ. ಗೇಮ್ ಆಡಲು ಇವು ಹಣಕ್ಕೆ ತಕ್ಕ ಆಯ್ಕೆಯಲ್ಲ.

ಸ್ಮರಣೆಯ ವಿಷಯದಲ್ಲಿ 16 ಜಿಬಿ ಇಂದು ಕೆಳಮಿತಿ, ಸೃಜನಶೀಲ ಕೆಲಸಕ್ಕೆ 32 ಜಿಬಿ ಹಿತ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದತ್ತಕೇಂದ್ರಗಳು ಸ್ಮರಣೆ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಪರಿಣಾಮವಾಗಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿತು. ಹೀಗಾಗಿ ಮೊದಲು ಕಡಿಮೆ ಕೊಂಡು ಮುಂದೆ ಅಗ್ಗವಾಗಿ ಹೆಚ್ಚಿಸಿಕೊಳ್ಳುವ ಹಳೆಯ ಜಾಣತನ ಈಗ ಅಷ್ಟು ಖಚಿತವಲ್ಲ, ಆದರೂ ರ್‍ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿರುವ ಯಂತ್ರಕ್ಕಿಂತ ಕಳಚಿ ಹಾಕಬಲ್ಲ ಸ್ಲಾಟ್ ಇರುವ ಯಂತ್ರಕ್ಕೆ ಆಯಸ್ಸು ಹೆಚ್ಚು. ಗ್ರಾಫಿಕ್ಸ್ ಚಿಪ್‌ಗೆ ಮೀಸಲಾದ ಸ್ಮರಣೆ, ಅಂದರೆ ವಿರ್‍ಯಾಮ್, ಎಂದೂ ಹೆಚ್ಚಿಸಲಾಗದ್ದು. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಮತ್ತು 5070 ಲ್ಯಾಪ್‌ಟಾಪ್ ಚಿಪ್‌ಗಳೆರಡಕ್ಕೂ 8 ಜಿಬಿಯೇ ಇದ್ದು, 12 ಜಿಬಿ ಬೇಕಿದ್ದವರು 5070 ಟಿಐವರೆಗೆ ಏರಬೇಕಾಯಿತು. ದೊಡ್ಡ ದೃಶ್ಯವೊಂದು ವಿರ್‍ಯಾಮ್‌ನಲ್ಲಿ ಹಿಡಿಸದಿದ್ದರೆ ರೆಂಡರಿಂಗ್ ತೆವಳುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಇದು ಕಣ್ಣಿಗೆ ಕಟ್ಟುವ ಸ್ಥಳ ಎಲ್ಲೋರ. ಸಂಭಾಜಿನಗರ ಜಿಲ್ಲೆಯ ಈ ಗುಹೆಗಳು 1983ರಲ್ಲಿ ಅಜಂತಾದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹದಿನಾರನೆಯ ಗುಹೆಯಾದ ಕೈಲಾಸ ದೇಗುಲವನ್ನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದೆಂದು ಗುರುತಿಸಲಾಗಿದ್ದು, ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿಯೊಂದಿಗೆ ಅದರ ಹೋಲಿಕೆಯನ್ನು ಕಲಾ ಇತಿಹಾಸಕಾರರು ಬಹುಕಾಲದಿಂದ ಚರ್ಚಿಸಿದ್ದಾರೆ. ಇಂತಹ ಕಟ್ಟಡಗಳನ್ನು ದಾಖಲಿಸುವ ಇಂದಿನ ವಿಧಾನ ಫೋಟೊಗ್ರಾಮೆಟ್ರಿ: ಒಂದರ ಮೇಲೊಂದು ಭಾಗಶಃ ಹೊಂದುವಂತೆ ಎಲ್ಲ ಕೋನಗಳಿಂದ ತೆಗೆದ ಚಿತ್ರಗಳಲ್ಲಿ ಸಾಮಾನ್ಯ ಬಿಂದುಗಳನ್ನು ಹುಡುಕಿ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತೆಂದು ಲೆಕ್ಕಹಾಕಿ, ಕಲ್ಲಿನ ಮೈಯನ್ನು ಮೂರು ಆಯಾಮದಲ್ಲಿ ಮರಳಿ ಕಟ್ಟುವುದು. ಬೆಟ್ಟವನ್ನು ಮೇಲಿನಿಂದ ಕೆಳಗೆ ಕೊರೆದು ತೆಗೆದ, ಸುತ್ತಲೂ ಗೋಡೆಯಿರುವ ಕೈಲಾಸದ ಒಂದು ಮಗ್ಗುಲನ್ನಷ್ಟೇ ವಿವರವಾಗಿ ಹಿಡಿಯಲು, ಪುರಾತತ್ವ ಇಲಾಖೆಯ ಅನುಮತಿ ಪಡೆದು 3000 ಚಿತ್ರ ತೆಗೆದರೆಂದು ಇಟ್ಟುಕೊಂಡರೆ, ಒಂದೊಂದು ಚಿತ್ರ 30 ಎಂಬಿಯಂತೆ ಮೂಲ ಚಿತ್ರಗಳೇ 90 ಜಿಬಿ ಆಗುತ್ತವೆ. ಅವುಗಳನ್ನು ಹೊಂದಿಸುವ ಹಂತ ಪ್ರೊಸೆಸರಿನದು, ಆಳದ ನಕ್ಷೆ ತೆಗೆಯುವ ಹಂತ ಗ್ರಾಫಿಕ್ಸ್ ಚಿಪ್‌ನದು, ಕೋಟಿಗಟ್ಟಲೆ ತ್ರಿಕೋನಗಳ ಜಾಲ ಹೆಣೆಯುವ ಹಂತ ರ್‍ಯಾಮ್‌ನದು. ಮೂರೂ ಸೇರಿ ರಾತ್ರಿಯಿಡೀ ನಡೆಯಬಹುದಾದ ಈ ಕೆಲಸದಲ್ಲಿ ಜಾಹೀರಾತಿನ ಕ್ಷಣಿಕ ಗರಿಷ್ಠ ವೇಗಕ್ಕೆ ಬೆಲೆಯೇ ಇಲ್ಲ. ಈ ಕ್ಷೇತ್ರದ ಕೆಲವು ತಂತ್ರಾಂಶಗಳು ಎನ್‌ವಿಡಿಯಾ ಚಿಪ್ ಇಲ್ಲದಿದ್ದರೆ ಪೂರ್ಣವಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಇಂಥವರಿಗೆ 32 ಜಿಬಿ ಆರಂಭ, 64 ಜಿಬಿ ನೆಮ್ಮದಿ.

ಪರದೆಯ ಮಾತಿಗೆ ಪೈಠಣಿಯೇ ತಕ್ಕ ಪರೀಕ್ಷೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಶೇ 45 ಎನ್‌ಟಿಎಸ್‌ಸಿ ಎಂಬ ಸಾಲು ಕಂಡರೆ, ಅಂತರಜಾಲದ ಸಾಮಾನ್ಯ ವರ್ಣಮಾನವಾದ ಎಸ್‌ಆರ್‌ಜಿಬಿಯಲ್ಲಿರುವ ಬಣ್ಣಗಳ ಮೂರನೇ ಎರಡು ಭಾಗವನ್ನೂ ಆ ಪರದೆ ತೋರಿಸಲಾರದು ಎಂದರ್ಥ. ಸೆರಗಿನ ನವಿಲಿನ ಕಡುನೀಲಿ, ಗಿಳಿಹಸಿರು, ಕುಂಕುಮಗೆಂಪು ಎಲ್ಲವೂ ಅದರಲ್ಲಿ ಬೂದಿ ಬಳಿದಂತೆ ಕಾಣುತ್ತವೆ. ಅಂತಹ ಪರದೆಯ ಮುಂದೆ ಕುಳಿತವರು ಬಣ್ಣ ಸಾಲದೆಂದು ಹೆಚ್ಚಿಸಿ, ಆ ಚಿತ್ರ ಗಿರಾಕಿಯ ಫೋನಿನಲ್ಲಿ ಕಣ್ಣು ಕುಕ್ಕುವಂತಾಗಿ, ಕೈಸೇರಿದ ಸೀರೆ ಬೇರೆಯಾಗಿ ಕಂಡು ಮರಳಿ ಬಂದರೆ ನಷ್ಟ ನೇಕಾರರದು. ಆದ್ದರಿಂದ ಶೇ 100 ಎಸ್‌ಆರ್‌ಜಿಬಿ ಎಂಬುದು ಜವಳಿ, ಮುದ್ರಣ, ಛಾಯಾಗ್ರಹಣದವರಿಗೆ ಬಿಟ್ಟುಕೊಡಬಾರದ ಷರತ್ತು. ವಿಡಿಯೊದವರಿಗೆ ಸಿನಿಮಾ ವರ್ಣಮಾನವಾದ ಡಿಸಿಐ-ಪಿ3 ಕೂಡ ಇದ್ದರೆ ಒಳ್ಳೆಯದು. ಜರಿಯ ಹೊಳಪನ್ನು ಮಾತ್ರ ಯಾವ ಪರದೆಯೂ ಹಿಡಿಯದು, ಅದು ನೋಡುವ ಕೋನದೊಂದಿಗೆ ಬದಲಾಗುವಂಥದ್ದು. ಗೇಮ್ ಆಡುವವರು ಕೇಳುವ 144 ಅಥವಾ 165 ಹರ್ಟ್ಸ್, ಅಂದರೆ ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗುತ್ತದೆ ಎಂಬ ಅಂಕಿ, ಬಣ್ಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಒಎಲ್‌ಇಡಿ ಪರದೆಯ ಕಪ್ಪು ಅಪ್ರತಿಮವಾದರೂ, ದಿನವಿಡೀ ಅಲುಗಾಡದೆ ಒಂದೇ ಕಡೆ ನಿಲ್ಲುವ ವಿನ್ಯಾಸ ತಂತ್ರಾಂಶದ ಗುಂಡಿಪಟ್ಟಿಗಳು ವರ್ಷಗಳಲ್ಲಿ ಅದರ ಮೇಲೆ ಅಚ್ಚೊತ್ತುವ ಸಂಭವವಿದೆ.

ನಾಸಿಕಕ್ಕೆ ಸೃಜನಶೀಲ ಯಂತ್ರದ ಆಯ್ಕೆಯ ಇತಿಹಾಸವೂ ಇದೆ. ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಲಂಡನ್‌ಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಕೊಂಡಾಗ, ಅದರೊಂದಿಗೆ ಫಿಲ್ಮ್‌ನ ಅಂಚಿಗೆ ರಂಧ್ರ ಕೊರೆಯುವ ಉಪಕರಣವನ್ನೂ ತರಿಸಿದರು, ಏಕೆಂದರೆ ಅಂದಿನ ಕಚ್ಚಾ ಫಿಲ್ಮ್ ರಂಧ್ರಗಳಿಲ್ಲದೆ ಬರುತ್ತಿತ್ತು; ಆ ಕೆಲಸವನ್ನು ಪತ್ನಿ ಸರಸ್ವತೀಬಾಯಿ ಕೈಗೆತ್ತಿಕೊಂಡರು. ಯಂತ್ರಕ್ಕೆ ಉಣಿಸುವ ಸರಕು ಯಾವುದೆಂದು ನೋಡಿ ಯಂತ್ರ ಕೊಳ್ಳುವ ಆ ಕ್ರಮ ಇಂದಿನ ವಿಡಿಯೊ ಸಂಕಲನಕಾರರಿಗೂ ಅನ್ವಯಿಸುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅನೇಕವು 10 ಬಿಟ್ 4:2:2 ಎಂಬ, ಬಣ್ಣದ ಮಾಹಿತಿಯನ್ನು ಹೆಚ್ಚು ಉಳಿಸಿಕೊಳ್ಳುವ ರೂಪದಲ್ಲಿ ಚಿತ್ರಿಸುತ್ತವೆ. ಇದರ ಎಚ್.265 ಕಡತಗಳನ್ನು ಬಿಡಿಸುವ ವಿಶೇಷ ವಿಭಾಗ ಇಂಟೆಲ್‌ನ ಕೆಲವು ತಲೆಮಾರುಗಳ ಒಳಗ್ರಾಫಿಕ್ಸ್‌ನಲ್ಲಿದೆ, ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 50 ಸರಣಿಯಿಂದ ಬಂದಿದೆ, 40 ಸರಣಿಯಲ್ಲಿ ಇಲ್ಲ. ಅದಿಲ್ಲದ ದುಬಾರಿ ಯಂತ್ರವೂ ಮದುವೆಯ ವಿಡಿಯೊವನ್ನು ತಡವರಿಸುತ್ತ ಓಡಿಸುತ್ತದೆ. ಆ್ಯಪಲ್‌ನ ಮ್ಯಾಕ್‌ಬುಕ್ ಪ್ರೊ ಇಂತಹ ಕಡತಗಳನ್ನು ಬ್ಯಾಟರಿಯ ಮೇಲೆಯೂ ಸದ್ದಿಲ್ಲದೆ ನಿಭಾಯಿಸುವುದರಿಂದ, ಸಂಕಲನವೊಂದನ್ನೇ ಮಾಡುವವರಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಸಾಲಿಡ್‌ವರ್ಕ್ಸ್ ಅದರಲ್ಲಿ ನೇರವಾಗಿ ಓಡದು, ವ್ಯಾಲೊರಂಟ್‌ನಂತಹ ಜನಪ್ರಿಯ ಗೇಮ್‌ಗಳಿಗೂ ವಿಂಡೋಸ್ ಬೇಕು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಅನ್ನು ಮೇ ತಿಂಗಳಿನ ದೀರ್ಘ ರೆಂಡರಿಂಗ್‌ಗೆ ಹೂಡುವುದು ಸರಿಯಲ್ಲ.

ಬಾಳಿಕೆಯ ಹೆಸರಿನಲ್ಲಿ ಮಾರಾಟವಾಗುವ ಮುದ್ರೆಗಳಲ್ಲಿ ಮಿಲ್-ಎಸ್‌ಟಿಡಿ-810ಎಚ್ ಪ್ರಸಿದ್ಧ. ಅದು ಅಮೆರಿಕದ ಸೇನೆ ಉಪಕರಣಗಳಿಗಾಗಿ ರೂಪಿಸಿದ ಪರೀಕ್ಷಾ ವಿಧಾನಗಳ ಸಂಗ್ರಹವೇ ಹೊರತು ಯಾರೋ ಕೊಡುವ ಪ್ರಮಾಣಪತ್ರವಲ್ಲ. ಯಾವ ಪರೀಕ್ಷೆ, ಎಷ್ಟು ಕಠಿಣವಾಗಿ ಎಂಬುದನ್ನು ತಯಾರಕರೇ ಆರಿಸಿಕೊಳ್ಳುವುದರಿಂದ ಮುದ್ರೆಯೊಂದರಿಂದಲೇ ಭರವಸೆ ಹುಟ್ಟಬೇಕಿಲ್ಲ. ವ್ಯವಹಾರದಲ್ಲಿ ಲ್ಯಾಪ್‌ಟಾಪ್ ಮೊದಲು ಸೋಲುವುದು ಕೀಲಿನ ಬಳಿ: ಅಗ್ಗದ ಮಾದರಿಗಳಲ್ಲಿ ಕೀಲಿನ ಸ್ಕ್ರೂಗಳು ಪ್ಲಾಸ್ಟಿಕ್ ಗೂಟಗಳೊಳಗೆ ಕೂರಿಸಿದ ಹಿತ್ತಾಳೆಯ ತುಣುಕುಗಳಿಗೆ ಬಿಗಿದಿರುತ್ತವೆ, ಎರಡು ಮೂರು ವರ್ಷ ಮುಚ್ಚಿ ತೆರೆದ ಮೇಲೆ ಆ ಗೂಟಗಳು ಸೀಳುತ್ತವೆ. ಅಂಗಡಿಯಲ್ಲೇ ಮುಚ್ಚಳವನ್ನು ಒಂದು ಮೂಲೆಯಿಂದ ಎತ್ತಿ, ಪರದೆ ತಿರುಚಿಕೊಳ್ಳುತ್ತದೆಯೇ, ಕೀಲಿನ ಸುತ್ತಲಿನ ಚೌಕಟ್ಟು ಬಾಯಿಬಿಡುತ್ತದೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಬ್ಯಾಟರಿಗೆ ಶಾಖವೂ ಪೂರ್ತಿ ತುಂಬಿದ ಸ್ಥಿತಿಯೂ ವೈರಿಗಳು. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಕೆಲಸ ಮಾಡುವವರು ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯವಿರುವ ಮಾದರಿಯನ್ನೇ ಆರಿಸಬೇಕು. ಸ್ಥಳ ಬಿಟ್ಟು ಅಲುಗದವರಿಗೆ ಲ್ಯಾಪ್‌ಟಾಪೇ ಬೇಡ: ಅದೇ ಹಣದ ಡೆಸ್ಕ್‌ಟಾಪ್ ಹೆಚ್ಚು ವೇಗದ್ದು, ಹೆಚ್ಚು ತಂಪಿನದು, ಭಾಗ ಭಾಗವಾಗಿ ಬದಲಿಸಬಹುದಾದದ್ದು ಎಂಬ ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ.

ವಿದ್ಯುತ್ತಿನ ಕಡೆಗೂ ಒಂದು ಗಮನ ಬೇಕು. ಭಾರಿ ಲ್ಯಾಪ್‌ಟಾಪಿನ ಚಾರ್ಜರ್ 230 ವಾಟ್ ಅಥವಾ ಅದಕ್ಕಿಂತ ಹೆಚ್ಚಿನದಾಗಿದ್ದು, ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಅದನ್ನೂ ಫ್ಯಾನ್, ದೀಪಗಳನ್ನೂ ಒಟ್ಟಿಗೆ ಎಷ್ಟು ಹೊತ್ತು ಹೊರಬಲ್ಲದೆಂದು ಮೊದಲೇ ಲೆಕ್ಕ ಹಾಕಿರಬೇಕು; ಬ್ಯಾಟರಿಯ ಮೇಲೆ ಓಡುವಾಗ ಗ್ರಾಫಿಕ್ಸ್ ಚಿಪ್ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುವುದರಿಂದ ರೆಂಡರಿಂಗ್ ಅಲ್ಲಿಗೇ ಮಂದವಾಗುತ್ತದೆ. ಲೋಹದ ಮೈಯ ಯಂತ್ರ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಬಹುತೇಕ ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಸರಿಯಿಲ್ಲದ ಸೂಚನೆ, ಯಂತ್ರದ ದೋಷವಲ್ಲ.

ದುರಸ್ತಿಯ ವಿಷಯ ಊರಿನೊಂದಿಗೆ ನೇರವಾಗಿ ತಳಕು ಹಾಕಿಕೊಂಡಿದೆ. ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಅದು ಎಲ್ಲ ಪಿನ್‌ಕೋಡ್‌ಗಳಿಗೂ ಅನ್ವಯಿಸದಿರಬಹುದು. 422ರಿಂದ ಆರಂಭವಾಗುವ ನಾಸಿಕ ನಗರದ ಸಂಖ್ಯೆಗೆ ಅಥವಾ 431ರಿಂದ ಆರಂಭವಾಗುವ ಸಂಭಾಜಿನಗರದ ಸಂಖ್ಯೆಗೆ ಈ ಸೇವೆ ಇದೆಯೇ, ಇಲ್ಲವಾದರೆ ಯಂತ್ರ ಮುಂಬಯಿಗೋ ಪುಣೆಗೋ ಹೋಗಿಬರಬೇಕೇ ಎಂಬುದನ್ನು ಕಂಪನಿಯ ಸಹಾಯವಾಣಿಯಿಂದ ಲಿಖಿತವಾಗಿ ಕೇಳಿ ಇಟ್ಟುಕೊಳ್ಳುವುದು ಲೇಸು. ದುಡಿಮೆಗಾಗಿ ಕೊಳ್ಳುವವರಿಗೆ ಮೂರು ವರ್ಷದ ವಾರಂಟಿ ಗ್ರಾಫಿಕ್ಸ್ ಚಿಪ್‌ನ ಒಂದು ಮೆಟ್ಟಿಲಿಗಿಂತ ಹೆಚ್ಚು ಬೆಲೆಯುಳ್ಳದ್ದು. ಮರಳಿಸುವ ಅವಧಿ ಮುಗಿಯುವ ಮೊದಲೇ, ಬೇಸಿಗೆಯ ಮಧ್ಯಾಹ್ನದಲ್ಲಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಒಂದು ಗಂಟೆ ಪೂರ್ಣ ಹೊರೆ ಕೊಟ್ಟು ಉಷ್ಣಾಂಶ, ವೇಗಗಳ ದಾಖಲೆಯನ್ನು ಉಳಿಸಿಕೊಂಡರೆ ದೋಷವಿದ್ದಲ್ಲಿ ಅದೇ ಸಾಕ್ಷ್ಯವಾಗುತ್ತದೆ. ವಿವಾದ ಅಲ್ಲಿಗೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.